ಬರಿಗೊರಳು

ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸಲು ಇಬ್ಬರು ಬೇಕು. ಆ ತುದಿಗೆ ಅವನು, ಈ ತುದಿಗೆ ಅವಳು. ಕೊಡವಿ, ಅರ್ಧಕ್ಕೆ ಮಡಿಸಿ, ಹೆಜ್ಜೆ ಮುಂದಿಟ್ಟರೆ ಬೆರಳಿಗೆ ಬೆರಳು ತಾಗುತ್ತದೆ. ಅವರ ಪ್ರೀತಿ ಬೆಳೆದದ್ದು ಅಷ್ಟೇ ಜಾಗದಲ್ಲಿ.

ಇವತ್ತು ಮುಂದೆ ಬಂದವನು ಹಾಗೇ ನಿಂತ. ಅವಳ ಕೊರಳಲ್ಲಿ ಶಿಲುಬೆಯ ಸರ ಇರಲಿಲ್ಲ.

"ಕಳೆದುಹೋಯ್ತಾ?"

"ಜೇಬಲ್ಲಿದೆ." ತನ್ನ ತುದಿಯನ್ನು ಅವನ ಕೈಗಿಟ್ಟು ಅವಳು ಹಿಂದೆ ಸರಿದಳು. "ನಾಳೆ ನಿಮ್ಮಮ್ಮನ್ನ ನೋಡೋಕೆ ಹೀಗೇ ಬರ್ತೀನಿ. ನಿನ್ನ ಚಿಕ್ಕಪ್ಪ ಗೇಟಲ್ಲಿ ಸಿಕ್ಕಿದ್ರು."

"ನಿನ್ನ ಹತ್ರಾನೂ ಬಂದಿದ್ರಾ?"

"ಯಹೂದಿಗಳನ್ನೂ ಕ್ರೈಸ್ತರನ್ನೂ ಆಪ್ತರನ್ನಾಗಿ ಮಾಡ್ಕೋಬೇಡಿ ಅಂತ ಕುರ್‌ಆನಲ್ಲೇ ಇದೆಯಂತೆ. ಇದೆಯಾ?"

ಇಲ್ಲ ಎನ್ನುವ ಆಸೆಯಾಯಿತು ಅವನಿಗೆ. ಬೆಳಗಿನಿಂದ ನಿಂತ ಕಾಲುಗಳು ಸೋತಿದ್ದವು. ಒಂದು ಸುಳ್ಳಿಗೆ ಒರಗಿಕೊಂಡರೆ ಹಾಯೆನಿಸುತ್ತಿತ್ತು.

"ಇದೆ."

ಅವಳು ಬಟ್ಟೆಬುಟ್ಟಿಯ ಅಂಚಿನ ಮೇಲೆ ಕುಸಿದಳು. "ಹಾಗಾದ್ರೆ ತೆಗೆದದ್ದೇ ಸರಿ. ಜಗಳಕ್ಕೆ ತ್ರಾಣ ಇಲ್ಲ ಕಣೋ. ಹೆಸರೂ ಬದಲಾಯಿಸ್ಕೋ ಅಂದ್ರೆ ಅದನ್ನೂ..."

"ಪೂರ್ತಿ ಕೇಳೇ. ಗ್ರಂಥ ಪಡೆದವರ ಊಟ ನಮಗೆ ಸಲ್ಲುತ್ತೆ, ಅವರ ಶೀಲವಂತ ಹೆಣ್ಣನ್ನ ಮದುವೆ ಆಗಬಹುದು ಅಂತ ಅದೇ ಅಧ್ಯಾಯದಲ್ಲಿದೆ. ಗ್ರಂಥ ಪಡೆದವರು ಅಂದ್ರೆ ಯಹೂದಿಗಳು, ಕ್ರೈಸ್ತರು. ನಿನ್ನಂಥೋರು. ಚಿಕ್ಕಪ್ಪ ಹೇಳಿದ ಮಾತು ಯುದ್ಧದ ಕಾಲದ್ದು, ಆಗ ಯಾರ ಪಕ್ಷ ಸೇರಬಾರದು ಅನ್ನೋ ವಿಷಯ ಅಂತ ಅಮ್ಮ ಓದ್ತಾಳೆ. ಚಿಕ್ಕಪ್ಪ ಹಾಗೆ ಓದಲ್ಲ. ನಾನು ಹುಟ್ಟೋಕೆ ಮೊದಲಿಂದ ಅವರಿಬ್ಬರ ಗುದ್ದಾಟ."

"ಶಿಲುಬೆಯನ್ನ ಒಪ್ಪುತ್ತಾ ನಿಮ್ಮ ಗ್ರಂಥ?"

"ಇಲ್ಲ. ಈಸಾ, ಅಂದ್ರೆ ನಿಮ್ಮ ಯೇಸು, ಅದರ ಮೇಲೆ ಸಾಯಲಿಲ್ಲ ಅನ್ನುತ್ತೆ. ನಾನೂ ಅದನ್ನೇ ನಂಬ್ತೀನಿ. ನೀನು, ಸತ್ತರು ಅಂತ ನಂಬ್ತೀಯ."

"ಸತ್ತು ಎದ್ದರು," ಎಂದು ಅವಳು ತಿದ್ದಿದಳು.

"ನೋಡು, ಇಷ್ಟು ಸುಸ್ತಲ್ಲೂ ಬಿಟ್ಟುಕೊಡಲ್ಲ!" ಅವನು ನಕ್ಕ. "ಸರ ಜೇಬಲ್ಲಿಟ್ರೆ ಆ ನಂಬಿಕೆ ಹೋಗಿಬಿಡುತ್ತಾ?"

ಅವಳಿಗೆ ನಗು ಬರಲಿಲ್ಲ. "ನಿನ್ನ ತಂಗಿ ನಮ್ಮಣ್ಣನ್ನ ಮೆಚ್ಚಿದ್ರೆ?"

ಅವನು ಚಾದರದ ಸುಕ್ಕು ಸವರಿದ. "ನಮ್ಮ ಹೆಣ್ಣು ಬೇರೆ ಧರ್ಮದೋನನ್ನ ಮದುವೆ ಆಗೋ ಹಾಗಿಲ್ಲ ಅಂತಾರೆ ನಮ್ಮೋರು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ."

"ಸದ್ಯ. ಎಲ್ಲಕ್ಕೂ ಉತ್ತರ ಇದ್ದಿದ್ರೆ ನಿನ್ನ ಜೊತೆ ಬಾಳೋದು ಕಷ್ಟ."

ಅವಳು ಜೇಬಿನಿಂದ ಸರ ಹೊರತೆಗೆದಳು. ಬೆಳಗಿನಿಂದ ನೀರಲ್ಲಿ ನೆನೆದು ಮರಗಟ್ಟಿದ ಬೆರಳಿಗೆ ಕೊಂಡಿ ಸಿಗಲಿಲ್ಲ. ಅವನು ಮುಟ್ಟಲಿಲ್ಲ; ಬಟ್ಟೆ ಒಗೆಯುವ ಯಂತ್ರದ ದುಂಡು ಗಾಜಿನ ಬಾಗಿಲನ್ನು ಅವಳತ್ತ ತಿರುಗಿಸಿ ಹಿಡಿದ. ಅದರಲ್ಲಿ ನೋಡಿಕೊಂಡು ಹಾಕಿಕೊಂಡಳು. ಗಾಜಿನಲ್ಲೇ ಅವನ ಕಣ್ಣು ಸಿಕ್ಕಿತು.

"ನಿಮ್ಮಮ್ಮ ಏನಂತಾರೋ."

"ಆಗಲೇ ಅಂದಾಯ್ತು. ಆ ಹುಡುಗಿ ಸರ ತೆಗೆದಿಟ್ಟು ಬರ್ಲಿ ಅಂತ ಚಿಕ್ಕಪ್ಪ ಅಮ್ಮನ ಹತ್ರಾನೂ ಹೇಳಿದ್ರು."

"ಅದಕ್ಕೆ?"

"'ಬರಿಗೊರಳಲ್ಲಿ ಬಂದ್ರೆ ಬಾಗಿಲಿಂದಲೇ ಕಳಿಸ್ತೀನಿ. ಇವತ್ತು ದೇವರನ್ನ ಬಿಟ್ಟೋಳು ನಾಳೆ ನನ್ನ ಮಗನ್ನ ಬಿಡಲ್ವಾ?' ಅಂದ್ಲು."

ಅವಳು ಅಳುತ್ತಲೇ ನಕ್ಕಳು. ಇನ್ನೊಂದು ಚಾದರ ಉಳಿದಿತ್ತು. ಕೊಡವಿದರು, ಮಡಿಸಿದರು, ಹೆಜ್ಜೆ ಮುಂದಿಟ್ಟರು. ಬೆರಳಿಗೆ ಬೆರಳು ತಾಗಿತು.

ಈ ಸಲ ಅವಳು ಹಿಂದೆ ಸರಿಯಲಿಲ್ಲ.