ತಾಯಿಕಾಳಿನ ಕಳವು

೧೯೫೪ರ ಆಗಸ್ಟ್ ೧೧, ಬುಧವಾರ ಬೆಳಿಗ್ಗೆ ಎಮ್ಮೆನ್ ಕಣಿವೆಯ ಠಾಣೆಗೆ ಲೀನಾ ಹಾಲ್ಡಿಮನ್ ಎಂಬ ಮುದುಕಿ ಬಂದು ದೂರು ಕೊಟ್ಟಳು. ಅವಳ ಹೊಲದಲ್ಲಿ ಬೆಳೆದಿದ್ದ, ಗೋಧಿಯಂಥ ರೈ ಪೈರಿನಿಂದ ಯಾರೋ ತಾಯಿಕಾಳು ಕಿತ್ತೊಯ್ದಿದ್ದರು.

"ಎಷ್ಟು ಹೋಗಿದೆ?" ಇನ್‌ಸ್ಪೆಕ್ಟರ್ ಎಗ್ಗಿಮನ್ ಕೇಳಿದರು.

"ಒಂದು ಬೊಗಸೆ."

ಪೇದೆ ಷ್ಟಾಲ್ಡರ್ ನಕ್ಕ. "ಒಂದು ಬೊಗಸೆಗೆ ಇಷ್ಟು ದೂರ ಬಂದ್ಯಾ ಅಜ್ಜಿ?"

"ನಗು, ನಗು! ನಿನ್ನಂಥ ಗೂಳೀನ ಮಲಗಿಸೋಕೆ ಅಷ್ಟು ಸಾಕು ಕಣಪ್ಪ. ಕಾಳು ಹಾಳಾಗ್ಲಿ, ಯಾರಾದ್ರೂ ಕುದಿಸಿ ಕುಡಿದ್ರೆ?"

ಪೇದೆ ಎಫ್‌ಐಆರ್ ಬರೆದುಕೊಂಡ.

ತಾಯಿಕಾಳು ಎಂದರೆ ರೈ ತೆನೆಗೆ ಹತ್ತುವ ಬೂಷ್ಟು. ಕಾಳಿನ ಜಾಗದಲ್ಲಿ ಕರಿ ಕೊಂಬಿನಂತೆ ಚಾಚಿಕೊಳ್ಳುತ್ತದೆ. ಬೇರೆ ಕಡೆ ಆರಿಸಿ ಬಿಸಾಡುತ್ತಾರೆ. ಈ ಕಣಿವೆಯ ರೈತರು ಔಷಧ ಕಂಪನಿಗಾಗಿ ತೆನೆಗೆ ಬೂಷ್ಟು ಸವರಿದ ಸೂಜಿ ಚುಚ್ಚಿ ಬೇಕೆಂದೇ ಬೆಳೆಸುತ್ತಾರೆ. ಸಾರ ತೆಗೆದು ಹದಮಾಡಿದರೆ ಅರೆತಲೆನೋವು ಇಳಿಯುತ್ತದೆ, ಕುಸಿದ ರಕ್ತದೊತ್ತಡ ಏರುತ್ತದೆ. ಹಾಗೆಯೇ ಹೊಟ್ಟೆಗೆ ಹೋದರೆ ಬೆರಳು ಕಪ್ಪಾಗಿ ಉದುರುತ್ತವೆ, ಬಸುರಿಯ ಗರ್ಭ ನಿಲ್ಲುವುದಿಲ್ಲ. ಅಬ್ಬಾ, ಉಗುರಿನಷ್ಟು ಕಾಳಿನೊಳಗೆ ದೇವರು ಇಷ್ಟೆಲ್ಲ ಹೇಗೆ ತುಂಬಿದನೋ! ನೆನೆದರೆ ಮೈ ಜುಮ್ಮೆನ್ನುತ್ತದೆ.

ಪಂಚರೆದುರು ಹೊಲದ ಮಹಜರು ನಡೆಯಿತು. ತೆನೆ ಒಂದೂ ಮುರಿದಿರಲಿಲ್ಲ. ಬೇಲಿಯ ತಂತಿಗೆ ತೆಳುಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ಎಗ್ಗಿಮನ್ ಮೂಸಿದರು. ಹುಳಿ ಹಾಲಿನ ವಾಸನೆ; ಚೀಸ್ ಸೋಸುವ ಬಟ್ಟೆ. ಊರಿನಲ್ಲಿ ಚೀಸ್ ಮಾಡುವವನು ಕ್ರಿಷ್ಟನ್ ಲೀಷ್ಟಿ ಒಬ್ಬನೇ.

ಅವನ ಹೆಂಡತಿ ಹಾಸಿಗೆ ಹಿಡಿದಿರುವುದು ಊರಿಗೇ ಗೊತ್ತಿತ್ತು. ದಾರಿಯಲ್ಲಿ ಡಾಕ್ಟರ ಮನೆ ಹೊಕ್ಕರು.

"ಲೀಷ್ಟಿ ಹೆಂಡತಿಗೆ ಏನು ಕಾಯಿಲೆ?"

"ರೋಗಿ ವಿಷಯ ಹೇಳೋ ಹಾಗಿಲ್ಲ, ಇನ್‌ಸ್ಪೆಕ್ಟರೇ."

"ಅವನು ತಾಯಿಕಾಳು ಕದ್ದಿರೋ ಹಾಗಿದೆ."

ಡಾಕ್ಟರ ಮುಖ ಬಿಳಿಚಿಕೊಂಡಿತು. "ಅಯ್ಯೋ! ಅವಳಿಗೆ ಅರೆತಲೆನೋವು, ಎದ್ದು ನಿಂತ್ರೆ ತಲೆಸುತ್ತಿ ಬೀಳ್ತಾಳೆ. ಎರಡಕ್ಕೂ ಅಂತ ಆ ಕಾಳಿನ ಮಾತ್ರೆ ಬರ್ಕೊಡ್ತಿದ್ದೆ. ಈಗ ಬಸುರಿ, ನಿಲ್ಲಿಸ್ದೆ. ಹಿಂದೆ ಎರಡು ಸಲ ಗರ್ಭ ಹೋಗಿದೆ. ಗಟ್ಟಿಯಾಗೋವರೆಗೂ ಗಂಡನಿಗೆ ಹೇಳ್ಬೇಡಿ ಅಂದ್ಳು. ಓಡಿ ಮಾರಾಯ್ರೇ!"

ಲೀಷ್ಟಿಯ ಮನೆಯ ಪರದೆ ಎಳೆದ ಕೋಣೆಯಲ್ಲಿ ಎಲ್ಸ್‌ಬೆತ್ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಮಲಗಿದ್ದಳು. ಗಂಡ ಕ್ರಿಷ್ಟನ್ ಅವಳ ತುಟಿಗೆ ಹಾಲಿನ ಬಟ್ಟಲು ಹಿಡಿದಿದ್ದ. ಎಗ್ಗಿಮನ್ ನುಗ್ಗಿ ಕಿತ್ತುಕೊಂಡರು.

"ಕುಡಿದ್ಯೇನಮ್ಮಾ?"

"ಇಲ್ಲ... ಹಾಲಿನ ವಾಸನೆ ಆಗ್ತಿಲ್ಲ."

"ಚೀಸ್ ಮಾಡೋನ ಹೆಂಡ್ತಿಗೆ ಹಾಲು ಆಗಲ್ವಂತೆ!" ಕ್ರಿಷ್ಟನ್ ಬಟ್ಟಲಿಗೆ ಕೈ ಚಾಚಿದ. "ಡಾಕ್ಟರು ಮಾತ್ರೆ ನಿಲ್ಲಿಸಿದ್ರು. ಮಾತ್ರೆ ಮಾಡೋದು ಇದ್ರಿಂದ್ಲೇ ತಾನೇ? ಅದಕ್ಕೇ ಹಾಲಲ್ಲಿ ಕುದಿಸ್ದೆ. ಕದ್ದಿದ್ದು ಹೌದು ಸಾಹೇಬ್ರೇ, ಎಳ್ಕೊಂಡ್ಹೋಗಿ. ಇವಳು ಒಂದು ಗುಟುಕು ಕುಡೀಲಿ."

ಎಲ್ಸ್‌ಬೆತ್ ಕಣ್ಣು ತೆರೆದಳು. "ಮಾತ್ರೆ ನಿಲ್ಲಿಸಿದ್ದು ಮಗುಗೋಸ್ಕರ, ಕ್ರಿಷ್ಟನ್. ಮೂರು ತಿಂಗಳು."

ಅವನು ಬಟ್ಟಲನ್ನೇ ನೋಡಿದ. ಷ್ಟಾಲ್ಡರ್ ಅದಕ್ಕೆ ಮೊಹರು ಹಾಕಿದ. ಕಳವಿನ ಆರೋಪದ ಮೇಲೆ ಬಂಧನವಾಯಿತು; ಕಾರಣದ ಜಾಗದಲ್ಲಿ ಎಗ್ಗಿಮನ್ 'ಹೆಂಡತಿಯ ನರಳಾಟ ನೋಡಲಾರದೆ' ಎಂದು ಬರೆದರು.

"ಕೈ ತೊಳೀಬೇಕು, ಸಾಹೇಬ್ರೇ."

ಕ್ರಿಷ್ಟನ್ ಸಾಬೂನು ಹಚ್ಚಿ ಉಜ್ಜಿದ, ಮತ್ತೆ ಉಜ್ಜಿದ. ಆಮೇಲೂ ಕೋಣೆಯ ಹೊಸಿಲಲ್ಲೇ ನಿಂತ.

"ಬಾ, ತೊಳೆದಿದೀಯಲ್ಲ," ಎಂದು ಎಲ್ಸ್‌ಬೆತ್ ಹತ್ತಿರ ಬಂದ ಅವನ ಒದ್ದೆ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಅವನು ಮಂಚದ ಪಕ್ಕ ಮಂಡಿಯೂರಿದ. ಪೊಲೀಸರಿಬ್ಬರೂ ಟೋಪಿ ತೆಗೆದು, ಅವನು ತಾನಾಗಿಯೇ ಏಳಲಿ ಎಂದು ಕಾದರು.