ಪಾಸಿಂಗ್ ಅಜ್ಜಿಯ ಮದರ್‌ಬೋರ್ಡ್ ಪ್ರಕರಣ

"ಕೊಲೆ! ನನ್ನ ಕಂಪ್ಯೂಟರನ್ನ ಕೊಂದುಬಿಟ್ಟಿದಾರೆ!"

ಪಾಸಿಂಗ್ ಅಜ್ಜಿಯ ಕೂಗಿಗೆ ಇಡೀ ಓಣಿ ಎದ್ದಿತು. ನಾನೂ ನನ್ನ ಗಂಡ ಪೀದಿಯೊನೂ ಓಡಿದೆವು. ಕಂಪ್ಯೂಟರಿನ ಫ್ಯಾನು ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ಅಂದು ಸಂಜೆಯೇ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ. ಮೈಕು ಹಿಡಿದು ಹಾಡುವ ಹಾಡುಗಳೆಲ್ಲ ಅದರೊಳಗಿದ್ದವು. ಹಾಡಿಲ್ಲದೆ ಮನಿಲಾದಲ್ಲಿ ಹುಟ್ಟುಹಬ್ಬ ಉಂಟೆ?

ಮರ್ಯಾದೆ ಹೋಗುವುದು ಮಾತ್ರ ನನ್ನ ಗಂಡನದು. ಹಳೆಯ ಮದರ್‌ಬೋರ್ಡ್ ಸುಟ್ಟಾಗ, ಅಜ್ಜಿಯ ಮುದಿ ಪ್ರೊಸೆಸರಿಗೆ ಹೊಂದುವ ಬೋರ್ಡನ್ನು ಕಂಪ್ಯೂಟರ್ ಅಂಗಡಿಗಳ ಗಿಲ್ಮೋರ್ ಬೀದಿಯೆಲ್ಲ ಅಲೆದು ಆರಿಸಿ ತಂದವನು ಅವನೇ. ಓಣಿಯ ಕಾವಲು ಕೆಲಸದಿಂದ ನಿವೃತ್ತನಾದ ಮೇಲೆ ಅವನಿಗೆ ಊರ ಉಸಾಬರಿಯೇ ಉದ್ಯೋಗ.

"ಹೊಂದದ ಬೋರ್ಡ್ ತಂದು ನನ್ನ ತಲೆಗೆ ಕಟ್ಟಿದೀಯ ಕಣೋ!" ಅಜ್ಜಿ ಎಗರಿದಳು.

"ನಿನ್ನೆ ಸಂಜೆ ಇದ್ರಲ್ಲೇ ಹಾಡಿದ್ರಲ್ಲ ಅಜ್ಜಿ? ಹೊಂದದೇ ಇದ್ರೆ ಪರದೆ ಹೇಗೆ ಬರ್ತಿತ್ತು?" ಅಂದ ಪೀದಿಯೊ.

ಅಜ್ಜಿ ಕೂಡಲೇ ಕಿಟಕಿಯಾಚೆ ಬೆರಳು ತೋರಿಸಿದಳು.

"ಹಾಗಾದ್ರೆ ಎದುರುಮನೆ ಕೊಂಚಿಂಗ್! ನಿನ್ನೆ ನನ್ನ ಹಾಡಿಗೆ ಕಂಪ್ಯೂಟರ್ ಕೊಟ್ಟಿದ್ದು ತೊಂಬತ್ತೆಂಟು ಅಂಕ, ಅವಳಿಗೆ ಎಂಬತ್ತು. ಹೊಟ್ಟೆಕಿಚ್ಚಿಗೆ ಪ್ರೊಸೆಸರ್ ಕದ್ದಿದಾಳೆ!"

ಪೀದಿಯೊ ಪೆಟ್ಟಿಗೆ ಬಿಚ್ಚಿದ. ಪ್ರೊಸೆಸರ್ ಅಲ್ಲೇ ಇತ್ತು — ಅದೇ ಹಳೆಯದು. ಒಂದು ಪಿನ್ನೂ ಬಾಗಿರಲಿಲ್ಲ.

ಕೊಂಚಿಂಗ್ ಆಗಲೇ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಕದಿಯೋಷ್ಟು ಗತಿಗೆಟ್ಟಿದೀನೇನೇ ಮುದುಕಿ? ನನ್ನ ಪ್ರೊಸೆಸರೂ ಅದೇ ಸಾಕೆಟ್ಟಲ್ಲಿ ಕೂರೋದೇ, ನಿಂದಕ್ಕಿಂತ ಹೊಸದು!"

ಪೀದಿಯೊ ಉಡುಗೊರೆಗಳ ಮೇಜನ್ನು ನೋಡಿದ. "ರಾತ್ರಿ ಇಲ್ಲಿ ಉಳ್ಕೊಂಡಿದ್ದು ಯಾರಜ್ಜಿ?"

"ಸೆಬುವಿಂದ ಬಂದಿರೋ ಮೊಮ್ಮಗ ಆರ್ನೆಲ್. ಬಂಗಾರದಂಥ ಹುಡುಗ."

"ಸೆಬುವಿಂದ ಬರೋರೆಲ್ಲ ಒಣಮಾವು ತರ್ತಾರೆ, ಅವನು ತರ್ಲಿಲ್ವಾ?"

"ಇಲ್ಲ. ಅದಕ್ಕೇನೀಗ?"

ನನಗೆ ಮೈಯುರಿಯಿತು. ಹೋದ ವರ್ಷ ನಾನು ತವರಿನಿಂದ ಬರಿಗೈಯಲ್ಲಿ ಬಂದದ್ದಕ್ಕೆ ಈ ಮುದುಕಿ ಇನ್ನೂ ಚುಚ್ಚುತ್ತಾಳೆ!

"ಸಿಕ್ಕಿಬಿದ್ದ," ಪೀದಿಯೊ ನಕ್ಕ. "ಬರಿಗೈಲಿ ಬಂದೋನನ್ನ ಅಜ್ಜಿ ಬೈದಿಲ್ಲ. ಯಾಕೆ? ಅವನು ಏನೋ ಕೊಟ್ಟಿದಾನೆ — ಮೇಜಿನ ಮೇಲೆ ಇಡೋಕಾಗದ್ದು! ಬಾರೋ ಆರ್ನೆಲ್!"

ಆರ್ನೆಲ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. "ಮಾವು ಮರೆತುಬಿಟ್ಟೆ ಅಂಕಲ್. ನಾಚ್ಕೆ ಆಯ್ತು. ಅದಕ್ಕೆ ಅಜ್ಜಿ ಬೋರ್ಡಿಗೆ ಹೊಚ್ಚಹೊಸ ಬಯಾಸ್ ಹಾಕಿಕೊಟ್ಟೆ..."

"ಬಯಾಸೋ ಗಿಯಾಸೋ, ಮಗು ಪ್ರೀತಿಯಿಂದ ಕೊಡ್ತು," ಅಂದಳು ಅಜ್ಜಿ.

"ಆ ಪ್ರೀತಿಯೇ ಕೊಲೆಗಾರ! ಯಾವ ಪ್ರೊಸೆಸರನ್ನ ಗುರುತು ಹಿಡೀಬೇಕು ಅಂತ ಬೋರ್ಡಿಗೆ ಹೇಳೋದೇ ಬಯಾಸ್. ಅದರಲ್ಲಿರೋದು ಅಂಗೈಯಗಲ ಜಾಗ. ಹೊಸ ಪ್ರೊಸೆಸರುಗಳನ್ನ ಒಳಗೆ ಬಿಡೋಕೆ ಕಂಪನಿಯವರು ಅಜ್ಜಿಯದರಂಥ ಹಳೇವನ್ನ ಆಚೆ ಹಾಕಿದಾರೆ. ನಾನು ಆರಿಸಿದ ಬೋರ್ಡ್ ಸರಿಯಾಗೇ ಇತ್ತು!" ಪೀದಿಯೊ ಎದೆಯುಬ್ಬಿಸಿದ. "ಈಗ ಬೋರ್ಡ್ ಹೊಸದನ್ನಷ್ಟೇ ಗುರುತು ಹಿಡಿಯೋದು; ಹಳೇ ಬಯಾಸ್ ವಾಪಸ್ ಹಾಕೋಕೆ ಒಂದು ಹೊಸ ಪ್ರೊಸೆಸರ್ ಕೈಗಡ ಬೇಕು, ಅಷ್ಟೇ. ಅದೇ ಸಾಕೆಟ್ಟಿಂದು."

ಎಲ್ಲರೂ ಕೊಂಚಿಂಗ್ ಕಡೆ ತಿರುಗಿದರು.

"ಕೊಂಚಿಂಗ್... ನನ್ನಮ್ಮಾ..." ಅಜ್ಜಿಯ ದನಿ ಜೇನಾಯಿತು.

"ಕಳ್ಳಿ ಅಂದ್ಯಲ್ಲ? ಕೊಡ್ತೀನಿ. ಆದ್ರೆ ಮೊದಲ ಹಾಡು ನಂದು!"

ಅಜ್ಜಿ ಹಲ್ಲು ಕಚ್ಚಿ ಒಪ್ಪಿದಳು.

ಸಂಜೆ ಕಂಪ್ಯೂಟರ್ ಜೀವ ತಳೆಯಿತು. ಕೊಂಚಿಂಗ್ ಕಣ್ಣುಮುಚ್ಚಿ ಹಾಡಿದಳು. ಪರದೆಯ ಮೇಲೆ ಅಂಕ ಮೂಡಿತು: ತೊಂಬತ್ತೊಂಬತ್ತು.

ಅಜ್ಜಿ ಕುರ್ಚಿಯಿಂದ ಎದ್ದಳು.

"ಪೀದಿಯೊ! ಈ ಬೋರ್ಡ್ ನನ್ನ ಪ್ರೊಸೆಸರಿಗೆ ಹೊಂದಲ್ಲ ಕಣೋ. ನಾಳೇನೇ ಬೇರೆ ತಾ!"