ಅಪ್ಪನ ಎರಡು ಹಾರ್ಸ್‌ಪವರ್

ನೀರು ಕಂಡರೆ ಕೈಕಾಲು ನಡುಗುವವನು ದೋಣಿ ಎಂಜಿನ್ ರಿಪೇರಿ ಅಂಗಡಿ ಇಟ್ಟರೆ ಜನ ನಗದೆ ಇರುತ್ತಾರೆಯೇ? ನಗಲಿ ಬಿಡಿ ಎಂದುಕೊಂಡಿದ್ದೆ. ಆದರೆ ಆ ಮಧ್ಯಾಹ್ನ ನದಿಯ ನಡುವೆ ನನ್ನ ಜೀವವೇ ಬಾಯಿಗೆ ಬಂದಿತ್ತು.

ಅವಳು ಆಚೆ ದಡದ ಆಸ್ಪತ್ರೆಯ ನರ್ಸು. ತೀರಿಹೋದ ತನ್ನ ಅಪ್ಪನ ಹಳೇ ಎರಡು ಹಾರ್ಸ್‌ಪವರ್ ಎಂಜಿನ್ನನ್ನು ಮಗುವಿನ ಹಾಗೆ ಎತ್ತಿಕೊಂಡು ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬರುತ್ತಿದ್ದಳು. ಪ್ಲಗ್ ಒರೆಸಿ, ಗೇರ್ ಆಯಿಲ್ ಬದಲಿಸುವ ಅರ್ಧ ಗಂಟೆಯ ಕೆಲಸವನ್ನು ನಾನು ಎರಡು ಗಂಟೆ ಎಳೆಯುತ್ತಿದ್ದೆ.

"ಅದಕ್ಕೇನು ತಲೆ ಬಾಚ್ತಿದ್ದೀರಾ?" ಎಂದು ಓರೆಗಣ್ಣಲ್ಲಿ ನೋಡುತ್ತಿದ್ದಳು. ನನಗೆ ಸ್ಪ್ಯಾನರ್ ಜಾರುತ್ತಿತ್ತು.

ಅವತ್ತು, "ಟ್ರಯಲ್‌ಗೆ ನೀವೂ ಬನ್ನಿ" ಅಂದಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಅವಳ ಕಿರುದೋಣಿಗೆ ಕೂರಿಸಿದ ಎಂಜಿನ್ ಹತ್ತು ನಿಮಿಷ ಚೆನ್ನಾಗಿ ಓಡಿ, ನಡುನದಿಯಲ್ಲಿ ಎರಡು ಸಲ ಕೆಮ್ಮಿ ನಿಂತಿತು. ಕೆಳಗಡೆ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು. ಅದರ ಮೇಲಿಂದ ನೀರು ಧುಮುಕುವ ಸದ್ದು ಅಲ್ಲಿಯವರೆಗೆ ಕೇಳಿರಲಿಲ್ಲ. ಈಗ ಅದೊಂದೇ ಕೇಳುತ್ತಿತ್ತು.

ಎಂಜಿನ್ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಮತ್ತೆ ಎಳೆದೆ. ಅವಳು ಹುಟ್ಟು ಹಾಕುತ್ತಿದ್ದಳು. ಆದರೂ ಕಿರುದೋಣಿ ಒಡ್ಡಿನ ಕಡೆಗೇ ಜಾರುತ್ತಿತ್ತು.

"ಏನಾಯ್ತು?"

"ಗೊತ್ತಿಲ್ಲ!"

"ನಿಮಗೇ ಗೊತ್ತಿಲ್ದಿದ್ರೆ ಇನ್ಯಾರಿಗೆ ಗೊತ್ತಿರತ್ತೆ?"

ಪ್ಲಗ್ ಬಿಚ್ಚಿದೆ. ಒಣಗಿತ್ತು. ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಕೆಳಗಿಳಿಯುತ್ತಿಲ್ಲ. ಆಗ ಮುಚ್ಚಳದ ಮೇಲಿನ ಗಾಳಿಸ್ಕ್ರೂ ಕಣ್ಣಿಗೆ ಬಿತ್ತು. ಎಂಜಿನ್ ಹೊತ್ತು ಸಾಗಿಸುವಾಗ ಪೆಟ್ರೋಲ್ ಚೆಲ್ಲದಿರಲೆಂದು ಅದನ್ನು ಬಿಗಿಯುತ್ತೇವೆ. ಹೊರಡುವ ಮುಂಚೆ ಸಡಿಲಿಸಬೇಕು, ಇಲ್ಲದಿದ್ದರೆ ಗಾಳಿಯಾಡದೆ ಎಂಜಿನ್ ಉಪವಾಸ ಬೀಳುತ್ತದೆ. ಬಂದವರಿಗೆಲ್ಲ ನಾನೇ ಹೇಳುವ ಮಾತು. ಸಡಿಲಿಸಿದೆ. ಉಸ್ಸೆಂದಿತು. ಪ್ಲಗ್ ಹಾಕಿ ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಹತ್ತಿಕೊಂಡಿತು. ಆಗ ಒಡ್ಡು ಇಪ್ಪತ್ತು ಮಾರು ದೂರದಲ್ಲಿತ್ತು.

ದಡ ಸೇರಿದ ಮೇಲೂ ಇಬ್ಬರೂ ಇಳಿಯಲಿಲ್ಲ. ಹುಟ್ಟು ಹಾಕಿ ಅವಳ ಅಂಗೈ ಚರ್ಮ ಕಿತ್ತುಹೋಗಿತ್ತು. ಪೆಟ್ರೋಲಿನಲ್ಲಿ ಕಸ ಸಿಕ್ಕಿತ್ತು ಅಂದಿದ್ದರೆ ನಂಬುತ್ತಿದ್ದಳು. ನಿಜ ಹೇಳಿದರೆ ಇನ್ನು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಭಯ ಒಡ್ಡಿನ ಭಯಕ್ಕಿಂತ ದೊಡ್ಡದಾಗಿತ್ತು.

"ತಪ್ಪು ನಂದೇ," ಅಂದೆ. "ಸ್ಕ್ರೂ ಸಡಿಲ ಮಾಡೋದು ಮರೆತೆ. ಆಗ ನೀವು ನನ್ನ ಲೈಫ್ ಜಾಕೆಟ್ ಬಕಲ್ ಹಾಕ್ತಿದ್ರಿ. ಆಮೇಲೆ ನಂಗೇನೂ ನೆನಪಿಲ್ಲ."

ಅವಳು ಬೈಯಲಿಲ್ಲ, ನಗಲೂ ಇಲ್ಲ. ಅಂಗೈಗೆ ಕರವಸ್ತ್ರ ಸುತ್ತಿಕೊಂಡಳು.

"ಒಡ್ಡಿನ ಹತ್ರ ನಾನೇನು ಅಂದ್ಕೊಂಡೆ ಗೊತ್ತಾ?" ಅಂದಳು. "ಅಯ್ಯೋ, ಈ ಮನುಷ್ಯ ಮನಸಲ್ಲಿರೋದನ್ನ ಇನ್ನೂ ಬಾಯಿಬಿಟ್ಟು ಹೇಳೇ ಇಲ್ವಲ್ಲ, ಅಂತ."

ಹೇಳಿದೆ. ಹಲ್ಲು ಇನ್ನೂ ಕಟಕಟ ಅನ್ನುತ್ತಿದ್ದುದರಿಂದ ಎರಡು ಸಲ ಹೇಳಬೇಕಾಯಿತು.